ಹಾಲು ಹೊರಟಿತು, ಟೊಮೆಟೊ ಹೊಲದಲ್ಲೇ ಉಳಿಯಿತು

2020ರ ಮಾರ್ಚ್ ತಿಂಗಳ ಕೊನೆಯ ವಾರ. ಕೊರೊನಾ ಸೋಂಕು ಹರಡದಂತೆ ತಡೆಯಲು ಮಾರ್ಚ್ 25ರಿಂದ ಇಡೀ ದೇಶವೇ 21 ದಿನ ಬಾಗಿಲು ಹಾಕಿಕೊಂಡಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹಳ್ಳಿಗಳಲ್ಲಿ ಆಗ ಒಂದೇ ಮನೆಯಲ್ಲಿ ಎರಡು ಬಗೆಯ ದೃಶ್ಯ. ಬೆಳಿಗ್ಗೆ ಕರೆದ ಹಾಲನ್ನು ಕ್ಯಾನಿನಲ್ಲಿ ತುಂಬಿಕೊಂಡು ಡೈರಿಗೆ ಹೋದ ಮನೆಯಾಕೆ ಎಂದಿನಂತೆ ಹಾಲು ಹಾಕಿ ಬರುತ್ತಿದ್ದಳು. ಅದೇ ಮನೆಯ ಹೊಲದಲ್ಲಿ ಕೆಂಪಗೆ ಹಣ್ಣಾದ ಟೊಮೆಟೊ ಬಿಡಿಸುವವರಿಲ್ಲದೆ, ಬಿಡಿಸಿದರೂ ಕೊಳ್ಳುವವರಿಲ್ಲದೆ ಗಿಡದಲ್ಲೇ ಕೊಳೆಯುತ್ತಿತ್ತು. ಸಾಲ ಮಾಡಿ ಬೆಳೆದ ಬೆಳೆಯ ಮೇಲೆ ಟ್ರ್ಯಾಕ್ಟರ್ ಹೊಡೆಸಿದ ರೈತರೂ ಇದ್ದರು.

ಯೋಚಿಸಿ ನೋಡಿದರೆ ಇದೊಂದು ಒಗಟು. ಬೇಸಿಗೆಯಲ್ಲಿ ಹಸಿ ಹಾಲು ಕೆಡಲು ಕೆಲವು ಗಂಟೆ ಸಾಕು. ಟೊಮೆಟೊ ಕೆಡಲು ಕೆಲವು ದಿನಗಳಾದರೂ ಬೇಕು. ಬೇಗ ಕೆಡುವ ವಸ್ತು ಪೇಟೆ ಸೇರಿತು, ತಡವಾಗಿ ಕೆಡುವುದು ಹೊಲದಲ್ಲೇ ಹಾಳಾಯಿತು. ಹೀಗೇಕಾಯಿತು?

ತರಕಾರಿ ಸಾಗಿಸಬಾರದೆಂದು ಯಾರೂ ಹೇಳಿರಲಿಲ್ಲ. ಆಹಾರ ಪದಾರ್ಥಗಳ ಅಂಗಡಿಗಳಿಗೆ ಮೊದಲೇ ವಿನಾಯಿತಿ ಇತ್ತು. ಮಾರ್ಚ್ 27ರಂದು ಹೊರಟ ಕೇಂದ್ರ ಸರ್ಕಾರದ ಆದೇಶವು ರೈತರು, ಕೃಷಿ ಕೂಲಿಕಾರರು ಮತ್ತು ಎಪಿಎಂಸಿ ಮಾರುಕಟ್ಟೆಗಳ ಕೆಲಸಕ್ಕೂ ಅನುಮತಿ ಕೊಟ್ಟಿತು. ಆದರೆ ಕಾಗದದ ಮೇಲಿನ ಅನುಮತಿಯಿಂದ ಲಾರಿ ಓಡುವುದಿಲ್ಲ. ಚಾಲಕರು ಊರು ಸೇರಿದ್ದರು. ಹಮಾಲರು ಬರುತ್ತಿರಲಿಲ್ಲ. ಹೋಟೆಲು, ಹಾಸ್ಟೆಲು, ಕಲ್ಯಾಣಮಂಟಪಗಳು ಮುಚ್ಚಿದ್ದವು. ಹೊಲದಿಂದ ಅಡುಗೆಮನೆಯವರೆಗಿನ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಉಳಿದ ಕೊಂಡಿಗಳು ನಿರುಪಯುಕ್ತವೇ.

ಕೊಯ್ದ ಮೇಲೂ ಉಸಿರಾಟ

ಗಿಡದಿಂದ ಬಿಡಿಸಿದ ಮಾತ್ರಕ್ಕೆ ಟೊಮೆಟೊ ಸಾಯುವುದಿಲ್ಲ, ಉಸಿರಾಡುತ್ತಲೇ ಇರುತ್ತದೆ. ತನ್ನಲ್ಲಿರುವ ಸಕ್ಕರೆಯನ್ನು ಆಮ್ಲಜನಕದೊಂದಿಗೆ ಉರಿಸಿ ಇಂಗಾಲದ ಡೈ ಆಕ್ಸೈಡ್, ನೀರು ಮತ್ತು ಶಾಖವನ್ನು ಹೊರಹಾಕುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಈ ಉಸಿರಾಟದ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಆಯಸ್ಸು ಅದೇ ಲೆಕ್ಕದಲ್ಲಿ ಕುಗ್ಗುತ್ತದೆ. ಜೊತೆಗೆ ಅದರ ತೂಕದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ನೀರು. ಅದು ಆವಿಯಾದಂತೆ ಹಣ್ಣು ಸುಕ್ಕುಗಟ್ಟುತ್ತದೆ.

ಟೊಮೆಟೊ, ಬಾಳೆ, ಮಾವು ಕೊಯ್ದ ಮೇಲೂ ಮಾಗುತ್ತವೆ. ಹೀಗೆ ಮಾಗುವಾಗ ಎಥಿಲೀನ್ ಎಂಬ ಅನಿಲವನ್ನು ಬಿಟ್ಟು ಪಕ್ಕದ ಹಣ್ಣುಗಳನ್ನೂ ಬೇಗ ಮಾಗಿಸುತ್ತವೆ. ಆದ್ದರಿಂದ ಟೊಮೆಟೊವನ್ನು ಬಣ್ಣ ತಿರುಗುವ ಹಂತದಲ್ಲೇ ಬಿಡಿಸಿ 12-13 ಡಿಗ್ರಿಯಲ್ಲಿಟ್ಟರೆ ಎರಡು ವಾರದಷ್ಟು ಕಾಲ ಕಾಪಾಡಬಹುದು.

ಹಾಗಾದರೆ ಎಲ್ಲೆಡೆ ಶೀತಲಗೃಹ ಕಟ್ಟಿದರೆ ಸಾಲದೇ? ಅದು ಅಷ್ಟು ಸುಲಭವಲ್ಲ. ದ್ರಾಕ್ಷಿಗೆ ಸೊನ್ನೆ ಡಿಗ್ರಿಯ ಆಸುಪಾಸು ಬೇಕು. ಬಿತ್ತನೆ ಆಲೂಗೆಡ್ಡೆಗೆ 2ರಿಂದ 4 ಡಿಗ್ರಿ. ಬಾಳೆಹಣ್ಣನ್ನು 13 ಡಿಗ್ರಿಗಿಂತ ಕೆಳಗಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಒಂದೇ ಕೋಣೆ ಎಲ್ಲಕ್ಕೂ ಹೊಂದುವುದಿಲ್ಲ.

ಹಾಲಿನ ದಾರಿ

ಈಗ ಹಾಲಿನ ಕಡೆಗೆ ನೋಡೋಣ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ ಮನೆಯಿಂದ ನಡೆದು ಹೋಗುವಷ್ಟೇ ದೂರದಲ್ಲಿದೆ. ಬೆಳಿಗ್ಗೆ, ಸಂಜೆ ಎರಡು ಹೊತ್ತು ಅದು ಹಾಲು ಕೊಳ್ಳುತ್ತದೆ. ಶೀತಲ ಟ್ಯಾಂಕಿನಲ್ಲಿ ಹಾಲು 4 ಡಿಗ್ರಿಗೆ ಇಳಿದೊಡನೆ ಬ್ಯಾಕ್ಟೀರಿಯಾಗಳ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಟ್ಯಾಂಕರು ಅದನ್ನು ಜಿಲ್ಲಾ ಒಕ್ಕೂಟದ ಡೈರಿಗೆ ಒಯ್ಯುತ್ತದೆ. ಮಾರಿ ಉಳಿದದ್ದು ಬೆಣ್ಣೆ, ತುಪ್ಪ, ಹಾಲಿನ ಪುಡಿಯಾಗುತ್ತದೆ. ಹಸುವಿನ ಹಾಲಿನಲ್ಲಿ ಸುಮಾರು ಶೇಕಡಾ 87 ಭಾಗ ನೀರೇ. ಆ ನೀರನ್ನು ತೆಗೆದು ಪುಡಿ ಮಾಡಿದರೆ ಗಂಟೆಗಳ ಆಯಸ್ಸಿನ ವಸ್ತು ತಿಂಗಳುಗಟ್ಟಲೆ ಬಾಳುತ್ತದೆ.

2020ರಲ್ಲಿ ಚಹಾದಂಗಡಿ, ಹೋಟೆಲು ಮುಚ್ಚಿ ಹಾಲಿನ ಬೇಡಿಕೆಯೂ ಕುಸಿಯಿತು. ಆರಂಭದ ದಿನಗಳಲ್ಲಿ ಕೆಲವೆಡೆ ಹಾಲು ಚೆಲ್ಲಿದ್ದೂ ಉಂಟು. ಆದರೂ ವ್ಯವಸ್ಥೆ ಮುರಿದು ಬೀಳಲಿಲ್ಲ. ಹೆಚ್ಚಾದ ಹಾಲು ಪುಡಿಯಾಯಿತು. ಏಪ್ರಿಲ್ ಮೊದಲ ವಾರದಿಂದ ರಾಜ್ಯ ಸರ್ಕಾರ ಅದರಲ್ಲೊಂದು ಪಾಲನ್ನು ನಗರಗಳ ಕೊಳೆಗೇರಿಗಳ ಬಡವರಿಗೆ ಉಚಿತವಾಗಿ ಹಂಚಿಸಿತು. ಹಾಲಿಗಿದ್ದ ಬಲ ಮೂರು: ಹತ್ತಿರದಲ್ಲೇ ಕೊಳ್ಳುವವರು, ಕೊಂಡೊಡನೆ ತಂಪು, ಮಾರಾಟವಾಗದಿದ್ದರೆ ಇನ್ನೊಂದು ರೂಪ. ಟೊಮೆಟೊಗೆ ಈ ಮೂರೂ ಇರಲಿಲ್ಲ.

ದ್ರಾಕ್ಷಿಯ ಎರಡು ಕಥೆ

ಮೂರನೆಯ ಬಲದ ಬೆಲೆ ಏನೆಂಬುದನ್ನು ದ್ರಾಕ್ಷಿ ತೋರಿಸುತ್ತದೆ. ವಿಜಯಪುರದ ಕಡೆ ಬೆಳೆಯುವ ಬೀಜರಹಿತ ದ್ರಾಕ್ಷಿಯನ್ನು ಒಣಗಿಸುವ ರೂಢಿ ಹಿಂದಿನಿಂದಲೂ ಇದೆ. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿದರೆ ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲವಾಗುತ್ತದೆ. ನೆರಳಿನ ಶೆಡ್ಡಿನಲ್ಲಿ ಹರಡಿದರೆ ಎರಡು ವಾರದ ಆಸುಪಾಸಿನಲ್ಲಿ ಒಣದ್ರಾಕ್ಷಿ ಸಿದ್ಧ. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ. ಅದನ್ನು ಇಂದೇ ಮಾರಬೇಕೆಂಬ ಅವಸರವಿಲ್ಲ.

ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ದಿಲ್‌ಖುಷ್, ಬೆಂಗಳೂರು ಬ್ಲೂ ತಳಿಗಳು ಬೀಜವಿರುವಂಥವು, ಒಣಗಿಸಲು ಹೊಂದುವುದಿಲ್ಲ. ದ್ರಾಕ್ಷಿ ಟೊಮೆಟೊದಂತೆ ಕೊಯ್ದ ಮೇಲೆ ಮಾಗುವ ಹಣ್ಣೂ ಅಲ್ಲ. ಆದ್ದರಿಂದ ಮೊದಲೇ ಕೊಯ್ದಿಟ್ಟು ಕಾಯುವಂತಿಲ್ಲ, ಮಾಗಿದ ಮೇಲೆ ಬಳ್ಳಿಯಲ್ಲಿ ಬಹಳ ದಿನ ಬಿಡುವಂತೆಯೂ ಇಲ್ಲ. ಬೀಗಮುದ್ರೆಯ ದಿನಗಳಲ್ಲಿ ಈ ಬೆಳೆಗಾರರು ಸಿಕ್ಕಿದ ಬೆಲೆಗೆ ಕೈಚಾಚಬೇಕಾಯಿತು.

ಒಂದೇ ಬಾಗಿಲಿನ ಅಪಾಯ

ಸರಪಳಿ ಉಳಿದರೆ ಸಾಲದು, ಅದರ ಮೂಲಕ ರೋಗ ಹರಡಲೂಬಾರದು. ಚೆನ್ನೈನ ಕೋಯಂಬೇಡು ಸಗಟು ಮಾರುಕಟ್ಟೆ ಇದಕ್ಕೆ ಕಹಿ ಉದಾಹರಣೆ. 2020ರ ಏಪ್ರಿಲ್ ಕೊನೆಯಲ್ಲಿ ಅಲ್ಲಿ ಕಾಣಿಸಿಕೊಂಡ ಸೋಂಕು ಕೂಲಿಕಾರರು, ವ್ಯಾಪಾರಿಗಳ ಮೂಲಕ ತಮಿಳುನಾಡಿನ ಹಲವು ಜಿಲ್ಲೆಗಳಿಗೆ ಹರಡಿತು. ಮೇ 5ರಂದು ಮಾರುಕಟ್ಟೆಯನ್ನೇ ಮುಚ್ಚಬೇಕಾಯಿತು. ತಾತ್ಕಾಲಿಕ ಮಾರುಕಟ್ಟೆ ತಿರುಮಳಿಸೈಯಲ್ಲಿ ನಡೆಯಿತು. ಕೋಯಂಬೇಡು ಮತ್ತೆ ತೆರೆದದ್ದು ಸೆಪ್ಟೆಂಬರ್ ಕೊನೆಗೆ. ಎಲ್ಲ ಸರಕೂ ಒಂದೇ ಬಾಗಿಲಿನಿಂದ ಬಂದರೆ ಜನರೂ ಅಲ್ಲೇ ಸೇರುತ್ತಾರೆ, ರೋಗವೂ ಅಲ್ಲೇ ಸೇರುತ್ತದೆ.

ಬೆಂಗಳೂರಿನಲ್ಲಿ ಯಶವಂತಪುರದ ಎಪಿಎಂಸಿಯ ಜನಸಂದಣಿ ಇಳಿಸಲು ವ್ಯಾಪಾರದ ಒಂದು ಭಾಗವನ್ನು ದಾಸನಪುರಕ್ಕೆ ಸಾಗಿಸಲಾಯಿತು. 1959ರಲ್ಲಿ ಡಾ. ಎಂ.ಎಚ್. ಮರೀಗೌಡರ ಮುಂದಾಳತ್ವದಲ್ಲಿ ಹುಟ್ಟಿದ ಹಾಪ್‌ಕಾಮ್ಸ್ ಸಂಸ್ಥೆ ತನ್ನ ಮಳಿಗೆಗಳ ಜೊತೆಗೆ ವಾಹನಗಳಲ್ಲೂ ಬಡಾವಣೆಗಳಿಗೆ ತರಕಾರಿ ಒಯ್ದಿತು. ರೈತರಿಂದ ನೇರವಾಗಿ ಕೊಂಡು ನೇರವಾಗಿ ಮಾರುವ ಇಂಥ ಗಿಡ್ಡ ಸರಪಳಿಯಲ್ಲಿ ಕೊಂಡಿಗಳು ಕಡಿಮೆ, ಕಳಚುವ ಭಯವೂ ಕಡಿಮೆ. ದೂರದ ಪೇಟೆಗಾಗಿ 2020ರ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ ಮೊದಲ ಕಿಸಾನ್ ರೈಲು ಹೊರಟಿತು. ಲಾರಿಯೊಂದನ್ನೇ ನಂಬದೆ ಇನ್ನೊಂದು ದಾರಿ ಹುಡುಕಿದ ಪ್ರಯತ್ನವದು.

ಇಟ್ಟಿಗೆಯ ತಂಪು ಗೂಡು

ಎಲ್ಲ ಪರಿಹಾರಕ್ಕೂ ಕೋಟಿ ಕೋಟಿ ಹಣ ಬೇಕಿಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲೇ ವಿದ್ಯುತ್ ಬೇಡದ ತಂಪು ಗೂಡನ್ನು ರೂಪಿಸಿತು. ನೆರಳಿನ ಜಾಗದಲ್ಲಿ ಇಟ್ಟಿಗೆಯ ನೆಲಗಟ್ಟು, ಅದರ ಮೇಲೆ 7.5 ಸೆಂಟಿಮೀಟರ್ ಅಂತರ ಬಿಟ್ಟು ಎರಡು ಗೋಡೆ, ನಡುವೆ ನದಿಯ ಮರಳು. ಬೆಳಿಗ್ಗೆ, ಸಂಜೆ ಮರಳನ್ನು ನೆನೆಸಬೇಕು. ಮೇಲೆ ಹುಲ್ಲು ಅಥವಾ ಗೋಣಿಯ ಮುಚ್ಚಳ. ಇದರಲ್ಲಿ ಸುಮಾರು 100 ಕಿಲೋ ತರಕಾರಿ ಇಡಬಹುದು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖವನ್ನು ಸುತ್ತಲಿನಿಂದ ಹೀರುತ್ತದೆ, ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ. ಒಣ ಬೇಸಿಗೆಯಲ್ಲಿ ಒಳಗಿನ ಉಷ್ಣತೆ ಹೊರಗಿಗಿಂತ 10 ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ಮಳೆಗಾಲದ ತೇವದ ಗಾಳಿಯಲ್ಲಿ ಮಾತ್ರ ಇದರ ಆಟ ನಡೆಯದು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬಿ. ಒಂದೇ ತೂಕದ ಎರಡು ಪಾಲು ಹುರುಳಿಕಾಯಿ ತೆಗೆದುಕೊಂಡು ಒಂದನ್ನು ಒಳಗೆ, ಇನ್ನೊಂದನ್ನು ಹೊರಗೆ ಬುಟ್ಟಿಯಲ್ಲಿಡಿ. ದಿನವೂ ತೂಗಿ ಬರೆದುಕೊಳ್ಳಿ. ನಾಲ್ಕೈದು ದಿನಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ತಂದೆತಾಯಿಯರೂ ಜೊತೆಗೂಡಿದರೆ ಇನ್ನೂ ಒಳ್ಳೆಯದು.

ಇಂಥ ಗೂಡು ಉಳಿಸಿಕೊಡುವುದು ಕೆಲವೇ ದಿನಗಳನ್ನು. ಆದರೆ ಲಾರಿ ಬರುವುದು ಎರಡು ದಿನ ತಡವಾದಾಗ ಬೆಳೆಗಾರನಿಗೆ ಬೇಕಾಗಿದ್ದುದೂ ಆ ಕೆಲವು ದಿನಗಳೇ. ಮುಂದೆ ಯಾವ ರೋಗ, ಯಾವಾಗ ಬರುತ್ತದೆಂದು ಹೇಳಬಲ್ಲವರಿಲ್ಲ. ಹಾಲಿನ ದಾರಿಯನ್ನು ಕಟ್ಟಲು ಹಳ್ಳಿಯ ಜನ ದಶಕಗಳ ಕಾಲ ದುಡಿದರು. ತರಕಾರಿಗೂ ಅಂಥದೊಂದು ದಾರಿಯನ್ನು ಕಷ್ಟ ಬಂದ ದಿನ ಕಟ್ಟಲಾಗದು, ಸುಖದ ದಿನಗಳಲ್ಲೇ ಕಟ್ಟಿಡಬೇಕು.