ಕಡೆಯ ನಿಮಿಷದ ಲೆಕ್ಕ

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತೇರ್ಗಡೆಯ ಅಂಚಿನಲ್ಲಿ ನಿಂತಿದ್ದ ಹುಡುಗನೊಬ್ಬ ಮಾರ್ಚಿ ತಿಂಗಳಲ್ಲಿ ತರಗತಿಗೇ ಮೊದಲಿಗನಾಗಿ ಬಂದನೆಂದರೆ, ಉಪಾಧ್ಯಾಯನ ಮನಸ್ಸಿನಲ್ಲಿ ಎರಡು ಭಾವಗಳು ಒಟ್ಟಿಗೆ ಏಳುತ್ತವೆ. ಒಂದು ಸಂತೋಷ, ಇನ್ನೊಂದು ಸಂಶಯ. ಬಹುಕಾಲ ಪಾಠ ಹೇಳಿದವನ ಅನುಭವದ ಮಾತು ಇದು. ಅಮೆರಿಕದ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ 1983ರಲ್ಲಿ ನಡೆದುಕೊಂಡ ಬಗೆಯನ್ನು ತಿಳಿದಾಗಲೂ ನನಗೆ ಹೀಗೆಯೇ ಆಯಿತು. ಮಾರ್ಚಿ ತಿಂಗಳ ಆದಿಯವರೆಗೆ ಆ ತಂಡ 17 ಆಟಗಳನ್ನು ಗೆದ್ದು 10 ಆಟಗಳನ್ನು ಸೋತಿತ್ತು. ಆಮೇಲೆ ಒಂದೇ ಸಮನೆ ಒಂಬತ್ತು ಆಟಗಳನ್ನು ಗೆದ್ದು ಇಡೀ ದೇಶದ ಕಾಲೇಜುಗಳಿಗೆ ಚಾಂಪಿಯನ್ ಆಯಿತು. ಸಂತೋಷಪಡತಕ್ಕ ವಿಷಯವೇ ಸರಿ. ಆದರೆ ಗೆದ್ದ ಬಗೆ ಎಂಥದು? ಅದನ್ನು ವಿಚಾರಿಸದೆ ಅಂಕ ಹಾಕುವುದು ನನ್ನಿಂದಾಗದು.

ಮೊದಲು ಆಟದ ವಿಷಯವಾಗಿ ಎರಡು ಮಾತು. 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಚಳಿಗಾಲದಲ್ಲಿ ಹುಡುಗರನ್ನು ಒಳಗೇ ಆಡಿಸುವುದಕ್ಕಾಗಿ, ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ ಆರಂಭಿಸಿದ ಆಟ ಇದು. ಪಕ್ಷಕ್ಕೆ ಐವರು. ನಮ್ಮ ಶಾಲೆಗಳ ಮೈದಾನಗಳಲ್ಲಿಯೂ ಎರಡು ಕಂಬ, ಎರಡು ಹಲಗೆ, ಬಲೆಯಿಲ್ಲದ ಎರಡು ಬಳೆಗಳನ್ನು ನೀವು ಕಂಡಿರಬಹುದು. ಚೆಂಡು ಬಳೆಯೊಳಗೆ ಇಳಿದರೆ ಎರಡು ಅಂಕ. ಎದುರಾಳಿಯ ಕೈಗೋ ಮೈಗೋ ಅಡ್ಡಿಮಾಡಿದರೆ ಫೌಲು. ಇಷ್ಟನ್ನು ಎಲ್ಲರೂ ಬಲ್ಲರು. ಎಲ್ಲರೂ ಗಮನಿಸದ ಸಂಗತಿಯೆಂದರೆ, ಫೌಲಿಗೆ ಸೀಟಿ ಊದಿದೊಡನೆ ಗಡಿಯಾರವೂ ನಿಲ್ಲುತ್ತದೆ. ನಮ್ಮ ಕಥೆಯ ಬೇರು ಇಲ್ಲಿದೆ.

ಆ ಕಾಲದ ಅಮೆರಿಕದ ಕಾಲೇಜು ಆಟದಲ್ಲಿ ಇನ್ನೆರಡು ವಿಶೇಷಗಳಿದ್ದವು. ಚೆಂಡನ್ನು ಇಷ್ಟು ಹೊತ್ತಿನೊಳಗೆ ಎಸೆಯಲೇಬೇಕೆಂಬ ಕಟ್ಟಳೆ ದೇಶಕ್ಕೆಲ್ಲ ಅನ್ವಯಿಸುವಂತೆ ಇನ್ನೂ ಬಂದಿರಲಿಲ್ಲ. ಆದುದರಿಂದ ಮುಂದಿರುವ ಪಕ್ಷದವರು ಚೆಂಡನ್ನು ತಮ್ಮತಮ್ಮಲ್ಲೇ ದಾಟಿಸಿಕೊಂಡು ಕಾಲ ಕಳೆಯಬಹುದಾಗಿತ್ತು. 1982ರಲ್ಲಿ ಇದೇ ಪ್ರಾಂತದ ಇನ್ನೊಂದು ವಿಶ್ವವಿದ್ಯಾಲಯ, ನಾರ್ತ್ ಕ್ಯಾರೊಲೈನಾ, ವರ್ಜೀನಿಯದ ಮೇಲೆ ಸುಮಾರು ಏಳು ನಿಮಿಷ ಹೀಗೆ ಚೆಂಡನ್ನು ಹಿಡಿದಿಟ್ಟು 47–45ರಿಂದ ಗೆದ್ದಿತು. ನೋಡಲು ಬಂದವರಿಗೆ ಅದೆಷ್ಟು ಬೇಸರವಾಗಿರಬೇಕು! ಇನ್ನೊಂದು ವಿಶೇಷ ಹೀಗೆ: ಅರ್ಧ ಆಟದಲ್ಲಿ ಒಂದು ಪಕ್ಷದ ಫೌಲುಗಳು ಏಳನ್ನು ಮುಟ್ಟಿದ ಮೇಲೆ, ಎದುರಾಳಿಗೆ ಒಂದು ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದ ಒಂದು ಎಸೆತ, ದೊರೆಯುತ್ತದೆ. ಅದು ಬಳೆಗೆ ಬಿದ್ದರೆ ಮಾತ್ರ ಎರಡನೆಯ ಎಸೆತ. ಬೀಳದಿದ್ದರೆ ಅಲ್ಲಿಗೆ ಮುಗಿಯಿತು, ಚೆಂಡು ಹಿಡಿದವರದು. ಪ್ರತಿಯೊಂದು ಎಸೆತಕ್ಕೂ ಒಂದೊಂದೇ ಅಂಕ.

ಸ್ಲೇಟು ತೆಗೆದುಕೊಂಡು ಸ್ವಲ್ಪ ಲೆಕ್ಕ ಮಾಡೋಣ. ಹತ್ತಕ್ಕೆ ಆರು ಎಸೆತಗಳನ್ನು ಹಾಕಬಲ್ಲ ಆಟಗಾರನೊಬ್ಬನಿದ್ದಾನೆ. ಅವನನ್ನು ಹೀಗೆ ಗೆರೆಯ ಮೇಲೆ ನೂರು ಸಲ ನಿಲ್ಲಿಸಿದರೆ ನಲವತ್ತು ಸಲ ಅವನಿಗೆ ಏನೂ ಸಿಗದು. ಇಪ್ಪತ್ತನಾಲ್ಕು ಸಲ ಒಂದು ಅಂಕ, ಮೂವತ್ತಾರು ಸಲ ಎರಡು ಅಂಕ. ಸರಾಸರಿ ಒಂದು ಅಂಕಕ್ಕೂ ಕಡಮೆ. ಹತ್ತಕ್ಕೆ ಎಂಟು ಹಾಕುವ ನಿಪುಣನಾದರೂ ಸರಾಸರಿ ಒಂದೂವರೆಯನ್ನು ಮುಟ್ಟಲಾರ. ಹಿಂದೆ ಬಿದ್ದ ಪಕ್ಷದವರು ಕಡೆಯ ನಿಮಿಷದಲ್ಲಿ ಸುಮ್ಮನಿದ್ದರೆ ಗಡಿಯಾರವೇ ಅವರನ್ನು ಸೋಲಿಸುತ್ತದೆ. ಫೌಲು ಮಾಡಿದರೋ, ಗಡಿಯಾರ ನಿಲ್ಲುತ್ತದೆ, ಎದುರಾಳಿಗೆ ಸಿಕ್ಕರೆ ಒಂದೋ ಎರಡೋ ಅಂಕ, ಚೆಂಡು ಮಾತ್ರ ಮರಳಿ ತಮ್ಮ ಕೈಗೆ. ಇನ್ನು ಫೌಲು ಮಾಡುವುದು ಯಾರ ಮೇಲೆ? ಕೈ ನಡುಗುವವನ ಮೇಲೆ.

ಈ ಲೆಕ್ಕವನ್ನು ಚೆನ್ನಾಗಿ ಬಲ್ಲವರು ಸ್ಟೇಟ್ ತಂಡದ ತರಬೇತುದಾರ ಜಿಮ್ ವಾಲ್ವಾನೊ. ಆಗ ಅವರಿಗೆ ಮೂವತ್ತೇಳು ವರ್ಷ. ತಂಡದ ಬೆನ್ನೆಲುಬಾಗಿದ್ದವರು ಕಡೆಯ ವರ್ಷದ ಮೂವರು: ಚೆಂಡನ್ನು ನಡೆಸುವ ಸಿಡ್ನಿ ಲೋ, ದೂರದಿಂದ ಎಸೆಯುವ ಡೆರೆಕ್ ವಿಟನ್‌ಬರ್ಗ್, ಎತ್ತರದ ಥರ್ಲ್ ಬೈಲಿ. ಜನವರಿಯಲ್ಲಿ ವರ್ಜೀನಿಯದ ಮೇಲೆ ಆಡುತ್ತಿದ್ದಾಗ ವಿಟನ್‌ಬರ್ಗನ ಪಾದದ ಮೂಳೆ ಮುರಿಯಿತು. ವರ್ಷ ಇಲ್ಲಿಗೆ ಮುಗಿಯಿತೆಂದು ಬಹುಮಂದಿ ಬಗೆದರು. ಮೊದಲ ವರ್ಷದ ಅರ್ನಿ ಮೈಯರ್ಸ್ ಅವನ ಸ್ಥಾನದಲ್ಲಿ ನಿಂತ. ಎರಡನೆಯ ವರ್ಷದ ಲೊರೆಂಜೊ ಚಾರ್ಲ್ಸ್ ಬಳೆಯ ಕೆಳಗೆ ದಿನದಿನಕ್ಕೆ ಗಟ್ಟಿಯಾದ. ಋತುವಿನ ಕೊನೆಗೆ ವಿಟನ್‌ಬರ್ಗ್ ಹಿಂದಿರುಗಿದಾಗ ತಂಡದಲ್ಲಿ ಒಬ್ಬನ ಬದಲು ಹಲವರು ಅಂಕ ತರಬಲ್ಲವರಾಗಿದ್ದರು. ಮನೆಯ ಹಿರಿಯ ಮಗ ಮಲಗಿದಾಗ ಕಿರಿಯರು ಕೆಲಸ ಕಲಿಯುವುದುಂಟಲ್ಲ, ಹಾಗೆ.

ಸುಧಾರಣೆಯೆಂದರೆ ಎಲ್ಲರನ್ನೂ ಚಚ್ಚಿಹಾಕಿದರೆಂದು ತಿಳಿಯಬೇಡಿ. ಋತುವಿನ ಕೊನೆಯ ಆಟದಲ್ಲಿ ವೇಕ್ ಫಾರೆಸ್ಟ್ ತಂಡವನ್ನು 130–89ರಿಂದ ಸೋಲಿಸಿದರು, ನಿಜ. ಕೆಲವೇ ದಿನಗಳ ಮೇಲೆ ಅಟ್ಲಾಂಟಾ ನಗರದಲ್ಲಿ, ತಮ್ಮ ಒಕ್ಕೂಟದ ಪಂದ್ಯಾವಳಿಯಲ್ಲಿ, ಅದೇ ತಂಡವನ್ನು ಗೆದ್ದದ್ದು 71–70ರಿಂದ! ಹತ್ತು ಸಲ ಸೋತವರಿಗೆ ರಾಷ್ಟ್ರದ ಪಂದ್ಯಾವಳಿಗೆ ಹೋಗಲು ನಿಶ್ಚಯವಾದ ದಾರಿಯೆಂದರೆ ಒಕ್ಕೂಟದ ಪಂದ್ಯಾವಳಿಯನ್ನು ಗೆಲ್ಲುವುದೊಂದೇ. ಮರುದಿನ ಹಿಂದಿನ ವರ್ಷದ ಚಾಂಪಿಯನ್ನರಾದ ನಾರ್ತ್ ಕ್ಯಾರೊಲೈನಾದವರು ಎದುರಾದರು. ಮುಂದೆ ಜಗತ್ಪ್ರಸಿದ್ಧನಾದ ಮೈಕಲ್ ಜಾರ್ಡನ್ ಆ ತಂಡದಲ್ಲಿದ್ದ. ಹೆಚ್ಚಿನ ಅವಧಿಗೆ ಹೋದ ಆ ಆಟವನ್ನು ಸ್ಟೇಟ್ 91–84ರಿಂದ ಗೆದ್ದಿತು. ಕೊನೆಗೆ ಏಳು ಅಡಿ ನಾಲ್ಕು ಅಂಗುಲದ ರಾಲ್ಫ್ ಸ್ಯಾಂಪ್ಸನ್ ಇದ್ದ ವರ್ಜೀನಿಯವನ್ನು 81–78ರಿಂದ ಗೆದ್ದಿತು.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಆ ವರ್ಷ ಈ ಒಕ್ಕೂಟದವರು ಪ್ರಯೋಗಾರ್ಥವಾಗಿ ಮೂವತ್ತು ಸೆಕೆಂಡಿನ ಎಸೆತದ ಗಡಿಯಾರವನ್ನೂ, 17 ಅಡಿ 9 ಅಂಗುಲದ ಆಚೆಯಿಂದ ಎಸೆದರೆ ಮೂರು ಅಂಕವೆಂಬ ಗೆರೆಯನ್ನೂ ಇಟ್ಟುಕೊಂಡಿದ್ದರು. ಸ್ಟೇಟ್ ತಂಡಕ್ಕೆ ಅದು ವರವಾಗಿತ್ತು. ರಾಷ್ಟ್ರದ ಪಂದ್ಯಾವಳಿಯಲ್ಲಿ ಅವೆರಡೂ ಇರಲಿಲ್ಲ. ಅದೇ ದೂರದಿಂದ ಅದೇ ಎಸೆತಕ್ಕೆ ಎರಡೇ ಅಂಕ! ವರ್ಷವೆಲ್ಲ ಓದಿದ್ದೊಂದು ಪುಸ್ತಕ, ಪರೀಕ್ಷೆ ಇನ್ನೊಂದರಲ್ಲಿ ಎಂದಹಾಗೆ. ಹಿಂದೆ ಬಿದ್ದಾಗ ಮೇಲೇಳುವುದಕ್ಕೆ ಮೂರರ ಮೆಟ್ಟಿಲು ತಪ್ಪಿದ್ದರಿಂದ ಫೌಲಿನ ಲೆಕ್ಕವೇ ಅವರಿಗೆ ಆಧಾರವಾಯಿತು.

ಮೊದಲ ಆಟದಲ್ಲಿಯೇ ಪೆಪರ್ಡೈನ್ ತಂಡ ಹೆಚ್ಚಿನ ಅವಧಿಯ ಕೊನೆಗೆ ಮುಂದಿತ್ತು. ಫೌಲು ಮಾಡಿದರು. ಪೆಪರ್ಡೈನಿನ ಒಳ್ಳೆಯ ಎಸೆತಗಾರನೇ ಗೆರೆಯ ಮೇಲೆ ತಪ್ಪಿದ. ಎರಡನೆಯ ಹೆಚ್ಚಿನ ಅವಧಿಯಲ್ಲಿ 69–67ರಿಂದ ಸ್ಟೇಟ್ ಗೆದ್ದಿತು. ಎರಡನೆಯ ಆಟದಲ್ಲಿ ಲಾಸ್ ವೇಗಾಸ್ ನಗರದ ತಂಡಕ್ಕೆ ಹನ್ನೆರಡು ಅಂಕಗಳಷ್ಟು ಹಿಂದಿದ್ದು, ಬೈಲಿಯ ಕಡೆಯ ಎಸೆತದಿಂದ 71–70. ಯೂಟಾ ತಂಡದ ಮೇಲೆ ಮಾತ್ರ ಸುಖವಾಗಿ ಗೆದ್ದರು. ಮರಳಿ ಎದುರಾದ ವರ್ಜೀನಿಯದ ಮೇಲೆ 63–62. ಅಲ್ಲಿ ಗೆಲುವನ್ನು ತಂದದ್ದು ಚಾರ್ಲ್ಸ್ ಹಾಕಿದ ಎರಡು ಫ್ರೀ ಥ್ರೋಗಳು. ಇತರರ ಕೈ ನಡುಗಲೆಂದು ಕಾದಿದ್ದವರು ತಮ್ಮ ಕೈ ನಡುಗದಂತೆಯೂ ನೋಡಿಕೊಂಡರು ಎಂಬುದನ್ನು ಮರೆಯಬಾರದು.

ನನ್ನ ಸಂಶಯಕ್ಕೆ ಬರುತ್ತೇನೆ. ಬೇಕೆಂದೇ ತಪ್ಪು ಮಾಡಿ ಗೆಲ್ಲುವುದು ಧರ್ಮವೆ? ಗದಾಯುದ್ಧದಲ್ಲಿ ನಡುವಿನಿಂದ ಕೆಳಗೆ ಹೊಡೆಯಬಾರದೆಂಬುದು ಕಟ್ಟಳೆ. ಭೀಮ ದುರ್ಯೋಧನನ ತೊಡೆ ಮುರಿದ, ಬಲರಾಮ ಕೋಪದಿಂದ ನೇಗಿಲೆತ್ತಿ ಬಂದ. ಈ ಪ್ರಸಂಗವನ್ನು ಪಾಠ ಹೇಳುವಾಗಲೆಲ್ಲ ನಾನು ಬಲರಾಮನ ಪಕ್ಷಕ್ಕೇ ಸ್ವಲ್ಪ ವಾಲುತ್ತೇನೆ. ಆದರೆ ಎರಡಕ್ಕೂ ಭೇದವುಂಟು. ಭೀಮನ ಪೆಟ್ಟಿಗೆ ಕಣದಲ್ಲಿ ದಂಡವಿರಲಿಲ್ಲ, ದುರ್ಯೋಧನನಿಗೆ ಮರಳಿ ಅವಕಾಶವೂ ಇರಲಿಲ್ಲ. ಇಲ್ಲಿಯಾದರೋ ಎಲ್ಲರೂ ನೋಡುತ್ತಿರುವಂತೆ ಫೌಲು ಮಾಡುತ್ತಾರೆ, ದಂಡ ಆ ಕ್ಷಣವೇ ತೆರುತ್ತಾರೆ. ಎದುರಾಳಿಗೆ ಯಾರೂ ಅಡ್ಡಬಾರದ ಎಸೆತ ಸಿಗುತ್ತದೆ. ಐದು ಫೌಲು ಮಾಡಿದವನು ಆಟದಿಂದಲೇ ಹೊರಗೆ. ಎಸೆತವನ್ನು ಹಾಕಿದ್ದರೆ ಪೆಪರ್ಡೈನ್ ಗೆಲ್ಲುತ್ತಿತ್ತು.

ಹೀಗೆಂದು ತರಗತಿಯಲ್ಲಿ ವಿವರಿಸಿದಾಗ ಒಬ್ಬ ಹುಡುಗ ಎದ್ದು ನಿಂತು, "ದಂಡ ಕಟ್ಟಿದರೆ ತಪ್ಪು ತಪ್ಪಲ್ಲವೇ ಸಾರ್? ಹಾಗಾದರೆ ಲೈಬ್ರರಿ ಪುಸ್ತಕವನ್ನು ದಿನಕ್ಕೆ ಇಷ್ಟೆಂದು ಕೊಟ್ಟು ನಾನೇ ಇಟ್ಟುಕೊಳ್ಳಬಹುದೆ?" ಎಂದ. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಲೈಬ್ರರಿಯವರು ಮಾಡುವುದನ್ನೇ ಆಟದ ಕಟ್ಟಳೆ ಬರೆಯುವವರೂ ಮುಂದೆ ಮಾಡಿದರು, ದಂಡ ಏರಿಸಿದರು. 1990–91ರಿಂದ ಅರ್ಧ ಆಟದಲ್ಲಿ ಹತ್ತನೆಯ ಫೌಲು ಮೊದಲ್ಗೊಂಡು ಎರಡು ಎಸೆತಗಳೂ ಖಂಡಿತವಾಗಿ ದೊರೆಯುವಂತಾಯಿತು. ಚೆಂಡನ್ನು ಅಡಗಿಸಿಟ್ಟುಕೊಳ್ಳುವ ಆಟಕ್ಕೂ 1985–86ರಲ್ಲಿ ನಲವತ್ತೈದು ಸೆಕೆಂಡಿನ ಗಡಿಯಾರ ಬಂದು ಕೊನೆಯಾಯಿತು. ಒಂದು ರೋಗವೂ ಅದಕ್ಕೆ ಹುಟ್ಟಿಕೊಂಡ ನಾಟಿಮದ್ದೂ ಎರಡೂ ಕ್ರಮಕ್ಕೆ ಬಂದವೆನ್ನಬಹುದು. 1983ರಲ್ಲಿ ಮಾತ್ರ ಕಟ್ಟಳೆ ಹೇಗಿತ್ತೋ ಹಾಗೆ ಅವರು ಆಡಿದರು. ನನ್ನ ಮಟ್ಟಿಗೆ ತೇರ್ಗಡೆಯ ಅಂಕ ಕೊಟ್ಟಿದ್ದೇನೆ. ಹುಡುಗ ಒಪ್ಪಿಲ್ಲ.

ಜಾರ್ಜಿಯ ತಂಡವನ್ನು 67–60ರಿಂದ ಗೆದ್ದ ಮೇಲೆ ಅಂತಿಮ ಪಂದ್ಯ. ಏಪ್ರಿಲ್ 4, ನ್ಯೂ ಮೆಕ್ಸಿಕೊ ಪ್ರಾಂತದ ಆಲ್ಬಕರ್ಕಿ ನಗರ, ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಎತ್ತರ. ಓಡಿದರೆ ಬೇಗ ಏದುಸಿರು ಬರುವ ಊರು. ಎದುರಿಗೆ ಹ್ಯೂಸ್ಟನ್ ತಂಡ: 31 ಗೆಲುವು, ಎರಡೇ ಸೋಲು. ಓಡುವುದು, ಹಾರುವುದು, ಬಳೆಯ ಮೇಲಿಂದಲೇ ಚೆಂಡನ್ನು ಒಳಕ್ಕೆ ತುರುಕುವುದು ಅವರ ಪದ್ಧತಿ. ನೈಜೀರಿಯದಿಂದ ಬಂದ ಹಕೀಮ್ ಒಲಾಜುವಾನ್, ಕ್ಲೈಡ್ ಡ್ರೆಕ್ಸ್ಲರ್ ಇಬ್ಬರೂ ಅಲ್ಲಿದ್ದರು. ಮೊದಲರ್ಧದಲ್ಲೇ ಡ್ರೆಕ್ಸ್ಲರನ ಮೇಲೆ ನಾಲ್ಕು ಫೌಲುಗಳಾದವು, ಸ್ಟೇಟ್ 33–25ರಿಂದ ಮುಂದಾಯಿತು. ವಿರಾಮದ ಮೇಲೆ ಹ್ಯೂಸ್ಟನ್ ಎದ್ದುಬಂತು. ಸ್ಟೇಟ್ ಎರಡು ಅಂಕ ಗಳಿಸುವುದರೊಳಗೆ ಹದಿನೇಳು ಗಳಿಸಿ 42–35.

ಇಲ್ಲಿ ಅವರ ತರಬೇತುದಾರ ಗೈ ಲೂಯಿಸ್ ಗಳಿಸಿದ್ದನ್ನು ಕಾಯೋಣವೆಂದು ಆಟವನ್ನು ನಿಧಾನಗೊಳಿಸಿದರು. ಓಡಿ ಗೆದ್ದವರು ನಿಂತರು! ನಿಂತ ಆಟ ಸ್ಟೇಟ್ ತಂಡದವರು ಮೂರು ವಾರದಿಂದ ಅರಗಿಸಿಕೊಂಡಿದ್ದ ಆಟ. ದೂರದಿಂದ ಎಸೆದರು, ಫೌಲು ಮಾಡಿದರು, ಹ್ಯೂಸ್ಟನ್ನಿನವರು ಗೆರೆಯ ಮೇಲೆ ತಪ್ಪಿದರು. 52–52. ಒಂದು ನಿಮಿಷ ಐದು ಸೆಕೆಂಡು ಉಳಿದಿದೆ. ಅಂಕ ಸಮನಾಗಿರುವಾಗ ಫೌಲು ಮಾಡುವ ಧೈರ್ಯ ಯಾರಿಗುಂಟು? ಮಾಡಿದರು, ಮೊದಲ ವರ್ಷದ ಆಲ್ವಿನ್ ಫ್ರಾಂಕ್ಲಿನ್ ಎಂಬ ಹುಡುಗನ ಮೇಲೆ. ಮೊದಲ ಎಸೆತವೇ ತಪ್ಪಿತು, ಎರಡನೆಯದು ಸಿಗಲಿಲ್ಲ, ಚೆಂಡು ಸ್ಟೇಟ್ ತಂಡದ ಕೈಸೇರಿತು.

ಕಡೆಯ ಎಸೆತಕ್ಕೆಂದು ಚೆಂಡನ್ನು ಹಿಡಿದರು. ಹ್ಯೂಸ್ಟನ್ನಿನವರು ಮುತ್ತಿಕೊಂಡು ಬಂದದ್ದರಿಂದ ಯೋಜನೆಯೆಲ್ಲ ಚದರಿತು. ಬೈಲಿ ದಾಟಿಸಿದ ಚೆಂಡು ಎದುರಾಳಿಯ ಕೈಗೆ ತಾಗಿ ತಪ್ಪಿಹೋಗುವುದರಲ್ಲಿತ್ತು. ವಿಟನ್‌ಬರ್ಗ್ ಬಾಚಿ ಹಿಡಿದು, ಸುಮಾರು ಮೂವತ್ತು ಅಡಿ ದೂರದಿಂದ ಎಸೆದ. ಎಸೆತ ಬಳೆಯನ್ನು ಮುಟ್ಟಲಿಲ್ಲ, ಮುಂದೆಯೇ ಇಳಿಯಿತು. ಬಳೆಯ ಕೆಳಗಿದ್ದ ಚಾರ್ಲ್ಸ್ ನೆಗೆದು ಅದನ್ನು ಗಾಳಿಯಲ್ಲೇ ಹಿಡಿದು ಒಳಕ್ಕೆ ತುರುಕಿದ. 54–52. ವಾಲ್ವಾನೊ ಯಾರನ್ನಾದರೂ ಅಪ್ಪಿಕೊಳ್ಳಬೇಕೆಂದು ಅಂಗಣದಲ್ಲೆಲ್ಲ ಹುಡುಕುತ್ತ ಓಡಿದರು. ಅವರು 1993ರಲ್ಲಿ ಕ್ಯಾನ್ಸರ್ ರೋಗದಿಂದ ತೀರಿಕೊಂಡರು. ಆ ಓಟ ಮಾತ್ರ ಇನ್ನೂ ಜನರ ಕಣ್ಣಿನಲ್ಲಿದೆ. ಇತ್ತ ವಿಟನ್‌ಬರ್ಗನಾದರೋ, ತಾನು ಎಸೆದದ್ದು ಗುರಿ ತಪ್ಪಿದ ಎಸೆತವೇ ಅಲ್ಲ, ಚಾರ್ಲ್ಸನಿಗೆಂದೇ ದಾಟಿಸಿದ ಚೆಂಡು ಎಂದು ಅಂದಿನಿಂದ ನಗುನಗುತ್ತ ವಾದಿಸುತ್ತ ಬಂದಿದ್ದಾನೆ.