ಕಾರ್ಪಲ್ ಟನಲ್ ಆಪರೇಶನ್ ಆದ ಮೇಲೂ ಸ್ಕ್ಯಾನ್‌ನಲ್ಲಿ ನರ ದಪ್ಪ ಕಂಡರೆ ಆಪರೇಶನ್ ಫೇಲ್ ಆಗಿದೆ ಎಂದರ್ಥವೇ?

ಚನ್ನರಾಯಪಟ್ಟಣದ ನಮ್ಮ ದೊಡ್ಡಮ್ಮ ಕಳೆದ ತಿಂಗಳು ಸ್ಕ್ಯಾನಿಂಗ್ ರಿಪೋರ್ಟಿನ ಫೋಟೊ ತೆಗೆದು ಫ್ಯಾಮಿಲಿ ಗ್ರೂಪ್‌ಗೆ ಹಾಕಿದರು. ಬಲಗೈಗೆ ಕಾರ್ಪಲ್ ಟನಲ್ ಆಪರೇಶನ್ ಆಗಿ ಆರು ತಿಂಗಳಾಗಿತ್ತು. ರಿಪೋರ್ಟಿನಲ್ಲಿ ನರ ಊದಿಕೊಂಡಿದೆ, 13 ಚದರ ಮಿಲಿಮೀಟರ್ ಎಂದಿತ್ತು. ಅರ್ಧ ಗಂಟೆಯೊಳಗೆ ಹೊಳೆನರಸೀಪುರದಿಂದ, ಅರಕಲಗೂಡಿನಿಂದ ಉತ್ತರ ಬಂತು: ‘ಆಪರೇಶನ್ ಫೇಲ್, ಬೇರೆ ಕಡೆ ಮತ್ತೆ ಮಾಡಿಸಿ.’ ನಾರ್ಮಲ್ ಅಂದರೆ 10ರೊಳಗೆ ಇರಬೇಕು ಎನ್ನುವ ಚಿತ್ರವನ್ನೂ ಒಬ್ಬರು ಫಾರ್ವರ್ಡ್ ಮಾಡಿದರು. ದೊಡ್ಡಮ್ಮನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ವಿಚಿತ್ರವೆಂದರೆ, ಆಪರೇಶನ್ ಆದ ಮೇಲೆ ಕೈ ಜೋಮು ಹಿಡಿದು ಅವರು ರಾತ್ರಿ ಎದ್ದದ್ದೇ ಇಲ್ಲ.

ಆ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಹೆಚ್ಚು ಅಪಾಯಕಾರಿ.

ಮಣಿಕಟ್ಟಿನ ಒಳಭಾಗದಲ್ಲಿ ಒಂದು ಕಿರಿದಾದ ದಾರಿಯಿದೆ. ಮೂರು ಕಡೆ ಸಣ್ಣ ಮೂಳೆಗಳು, ಮೇಲೆ ಗಟ್ಟಿಯಾದ ಪಟ್ಟಿಯಂಥ ಪೊರೆ. ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಇದರೊಳಗೇ ಹಾದುಹೋಗಬೇಕು. ಒಳಗೆ ಒತ್ತಡ ಹೆಚ್ಚಾದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗ ಜುಮ್ಮೆನ್ನುತ್ತವೆ. ಹಾಲು ಕರೆಯುವುದು, ಕಡ್ಡಿಗೆ ಹೊಗೆಸೊಪ್ಪು ಕಟ್ಟುವುದು, ಹೀಗೆ ಬಿಗಿಯಾಗಿ ಹಿಡಿದು ಮತ್ತೆ ಮತ್ತೆ ಮಾಡುವ ಕೆಲಸಗಳಲ್ಲಿ ತೊಂದರೆ ಹೆಚ್ಚಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಸಿರು ಕೂಡ ಕಾರಣವಾಗುತ್ತವೆ. ಆಪರೇಶನ್‌ನಲ್ಲಿ ಮಾಡುವುದು ಇಷ್ಟೇ: ಮೇಲಿನ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುವುದು. ನರವನ್ನು ತೆಳ್ಳಗೆ ಮಾಡುವುದಿಲ್ಲ.

ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಮಾತ್ರ ಎಂದು ನಮ್ಮಲ್ಲಿ ಹಲವರ ತಿಳಿವಳಿಕೆ. ಅದೇ ಅಲ್ಟ್ರಾಸೌಂಡ್‌ನಲ್ಲಿ, ಚರ್ಮದ ಹತ್ತಿರದ ಭಾಗಗಳನ್ನು ಸ್ಪಷ್ಟವಾಗಿ ತೋರಿಸುವ ಪ್ರೋಬ್ ಇಟ್ಟರೆ ನರ ಕಾಣುತ್ತದೆ. ಅದರ ಅಡ್ಡಸೀಳಿನ ವಿಸ್ತೀರ್ಣ ಅಳೆಯುತ್ತಾರೆ. ಸುಮಾರು 10 ಚದರ ಮಿಲಿಮೀಟರ್ ದಾಟಿದರೆ ಸಂಶಯ ಪಡಬೇಕು ಎನ್ನುವ ಲೆಕ್ಕ ನಿಜ. ಆದರೆ ಅದು ಕಾಯಿಲೆ ಇದೆಯೋ ಇಲ್ಲವೋ ಎಂದು ಆಪರೇಶನ್‌ಗೆ ಮುಂಚೆ ನೋಡುವ ಲೆಕ್ಕ. ಒಬ್ಬೊಬ್ಬರ ಮೈಕಟ್ಟಿಗೆ, ಅಳೆಯುವ ಜಾಗಕ್ಕೆ ತಕ್ಕಂತೆ ಅದೂ ಬದಲಾಗುತ್ತದೆ.

ಆಪರೇಶನ್ ಆದವರಿಗೆ ಅದೇ ಗೆರೆ ಎಳೆಯುವುದು ತಪ್ಪು. ಪೈಪನ್ನು ಒಂದು ಕಡೆ ಅದುಮಿ ಹಿಡಿದರೆ ಅದರ ಹಿಂದೆ ಉಬ್ಬುವ ಹಾಗೆ, ಒತ್ತಡ ಬಿದ್ದ ಜಾಗದ ಹಿಂದೆ ನರ ಊದುತ್ತದೆ. ವರ್ಷಗಟ್ಟಲೆ ಒತ್ತಡವಿದ್ದರೆ ಒಳಗೆ ನಾರಿನಂಥ ಅಂಶವೂ ಬೆಳೆದಿರುತ್ತದೆ. ಜಾಗ ಸಿಕ್ಕ ಮೇಲೆ ನೀರಿನ ಊತ ತಿಂಗಳುಗಳಲ್ಲಿ ಇಳಿಯುತ್ತದೆ, ನಾರು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಆದ್ದರಿಂದ ಕೈ ಚೆನ್ನಾಗಿ ಗುಣವಾದವರಲ್ಲೂ ನರ ನಾರ್ಮಲ್‌ಗಿಂತ ದಪ್ಪವಾಗಿಯೇ ಉಳಿಯುವುದು ಸಾಮಾನ್ಯ. ಒಂದೇ ರಿಪೋರ್ಟಿನ ಒಂದು ಅಂಕಿಗೆ ಇಲ್ಲಿ ಅರ್ಥ ಕಡಿಮೆ, ಹಳೆಯ ರಿಪೋರ್ಟಿನ ಜೊತೆ ಇಟ್ಟು ನೋಡಬೇಕು.

ಹಾಗಾದರೆ ಆಪರೇಶನ್ ನಂತರ ಸ್ಕ್ಯಾನ್ ಯಾಕೆ? ಎಲ್ಲರಿಗೂ ಬೇಕಾಗಿಲ್ಲ. ಜೋಮು ಮೊದಲಿನ ಹಾಗೆಯೇ ಉಳಿದರೆ, ಅಥವಾ ವಾಸಿಯಾಗಿ ಮತ್ತೆ ಬಂದರೆ, ಆಗ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಪಟ್ಟಿ ಪೂರ್ತಿ ಕತ್ತರಿಸಿದೆಯೇ, ಗಾಯದ ಗಂಟು ನರಕ್ಕೆ ಅಂಟಿಕೊಂಡಿದೆಯೇ, ನೀರುಗುಳ್ಳೆ ಇದೆಯೇ ಎಂದು ನೋಡಬಹುದು. ನರ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಚಿತ್ರ ಹೇಳಲಾರದು, ಅದಕ್ಕೆ ಸಣ್ಣ ಕರೆಂಟ್ ಕೊಟ್ಟು ಮಾಡುವ ನರ್ವ್ ಕಂಡಕ್ಷನ್ ಪರೀಕ್ಷೆ ಬೇರೆಯಿದೆ.

ರಾತ್ರಿಯ ಜೋಮು ಸಾಮಾನ್ಯವಾಗಿ ಬೇಗ ಹೋಗುತ್ತದೆ. ಬೆರಳ ತುದಿಯ ಸ್ಪರ್ಶ ಮರಳಲು ತಿಂಗಳುಗಳು ಬೇಕು, ಏಕೆಂದರೆ ಹಾನಿಯಾದ ನರದ ಎಳೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಷ್ಟು. ಹೆಬ್ಬೆರಳ ಬುಡದ ಮಾಂಸ ಮೊದಲೇ ಕರಗಿದ್ದರೆ ಪೂರ್ತಿ ಮರಳದೆಯೂ ಇರಬಹುದು. ಹಿಡಿತ ಕೆಲವು ವಾರ ಸಡಿಲವಾಗಿರುವುದಕ್ಕೆ ಗಾಬರಿ ಬೇಡ. ಆದರೆ ಆಪರೇಶನ್‌ಗೆ ಮುಂಚೆ ಇಲ್ಲದ ಮರಗಟ್ಟುವಿಕೆ ಹೊಸದಾಗಿ ಬಂದರೆ, ಹೆಬ್ಬೆರಳ ಬಲ ದಿನೇ ದಿನೇ ಕುಗ್ಗುತ್ತಿದ್ದರೆ, ಗಾಯ ಕೆಂಪಾಗಿ ಕೀವು ಬಂದರೆ ಗ್ರೂಪಿನಲ್ಲಿ ಕೇಳುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಎರಡನೇ ಆಪರೇಶನ್ ಮೊದಲಿನದರಷ್ಟು ಸಲೀಸಲ್ಲ. ಗಾಯದ ಗಂಟಿನ ನಡುವೆ ನರ ಹುಡುಕಬೇಕು, ಪೆಟ್ಟಾಗುವ ಸಂಭವ ಹೆಚ್ಚು, ಫಲ ಕಡಿಮೆ. ಹೋಗುವಾಗ ಎರಡೂ ಸ್ಕ್ಯಾನಿನ ರಿಪೋರ್ಟ್, ಆಪರೇಶನ್ ಚೀಟಿ ಜೊತೆಗಿರಲಿ. ಹಾಸನದ ಹಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಾದರೆ ಮೂಳೆ ವಿಭಾಗ, ಸ್ಕ್ಯಾನಿಂಗ್ ವಿಭಾಗ ಎರಡೂ ಒಂದೇ ಕಡೆ ಸಿಗುತ್ತವೆ.

ದೊಡ್ಡಮ್ಮನ ಬೀರುವಿನಲ್ಲಿ ಸೀರೆಗಳ ಕೆಳಗೆ ಹಳೆಯ ರಿಪೋರ್ಟ್ ಸಿಕ್ಕಿತು. ಆಪರೇಶನ್‌ಗೆ ಮುಂಚೆ ಅದೇ ನರ 17 ಇತ್ತು. ಎರಡರ ಫೋಟೊವನ್ನೂ ಅಕ್ಕಪಕ್ಕ ಇಟ್ಟು ಗ್ರೂಪ್‌ಗೆ ಹಾಕಿದೆವು. ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.