ಕೌಂಟರಿನ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸುವ ಮುನ್ನ



ಗ್ರೈಂಡರ್ ಕೆಟ್ಟರೆ ನಾವು ಅರ್ಧ ಗಂಟೆಯೊಳಗೆ ಮೆಕ್ಯಾನಿಕ್ಕನನ್ನು ಕರೆಸುತ್ತೇವೆ. ಗ್ಯಾಸ್ ಪೈಪನ್ನು ವರ್ಷ ವರ್ಷ ಪರೀಕ್ಷೆ ಮಾಡಿಸುತ್ತೇವೆ. ಆದರೆ ದಿನದ ವ್ಯಾಪಾರವೆಲ್ಲ ಯಾವುದರ ಹೊಟ್ಟೆಯಲ್ಲಿದೆಯೋ ಆ ಕೌಂಟರಿನ ಕಂಪ್ಯೂಟರಿನ ಗೊಡವೆಗೆ ಹೋಗುವುದಿಲ್ಲ. ಬಿಲ್ಲು ಬರುತ್ತಿದೆಯಲ್ಲ, ಸಾಕು ಎಂದು ಸುಮ್ಮನಿರುತ್ತೇವೆ. ಹೀಗೆ ಸುಮ್ಮನಿದ್ದು, ಕೊನೆಗೆ ಅವಸರಪಟ್ಟು, ಮಟ್ಟಾಂಚೇರಿಯ ನಮ್ಮ ಹೋಟೆಲಿನಲ್ಲಿ ನಾವು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇವೆ. ಬೇರೆಯವರಿಗೆ ಹಾಗಾಗದಿರಲಿ ಎಂಬುದೇ ಉದ್ದೇಶ.

2014ರ ಪಾಠ

ವಿಂಡೋಸ್ ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಷು ಹಬ್ಬಕ್ಕೆ ಇನ್ನೊಂದೇ ವಾರ. ರಿಪೇರಿಯ ಹುಡುಗ ಬಂದು, ಒಂದೇ ರಾತ್ರಿಯಲ್ಲಿ ವಿಂಡೋಸ್ 7 ಹಾಕಿಕೊಡುವುದಾಗಿ ಹೇಳಿದ. ಎಕ್ಸ್‌ಪಿ ಮೇಲೆಯೇ 7 ಏರಿಸಲು ಬರುವುದಿಲ್ಲ, ಹೊಸದಾಗಿ ಹಾಕಬೇಕು. 'ಮೈ ಡಾಕ್ಯುಮೆಂಟ್ಸ್' ಪೂರ್ತಿ ಸಿಡಿಗೆ ಇಳಿಸಿಕೊಂಡಿದ್ದೇನೆ ಎಂದ. ನಾವೂ ತಲೆಯಾಡಿಸಿದೆವು.

ಬೆಳಿಗ್ಗೆ ನೋಡಿದರೆ ಬಿಲ್ಲಿಂಗ್ ಪ್ರೋಗ್ರಾಂ ಖಾಲಿ! ಡಾಸ್ ಕಾಲದ ಆ ಪ್ರೋಗ್ರಾಂ ತನ್ನ ಲೆಕ್ಕವನ್ನು 'ಮೈ ಡಾಕ್ಯುಮೆಂಟ್ಸ್'ನಲ್ಲಿ ಇಡುತ್ತಲೇ ಇರಲಿಲ್ಲ. ಸಿ ಡ್ರೈವಿನಲ್ಲಿ ತನ್ನದೇ ಫೋಲ್ಡರಿನಲ್ಲಿ ಇಡುತ್ತಿತ್ತು. ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿ ಆಗಿತ್ತು. ಬಜಾರ್ ರಸ್ತೆಯ ಸುಮಾರು 40 ಅಂಗಡಿ, ಗೋದಾಮುಗಳ ತಿಂಗಳ ಊಟದ ಉದ್ರಿ ಲೆಕ್ಕ ಅದರೊಂದಿಗೇ ಹೋಯಿತು.

ನಮ್ಮನ್ನು ಉಳಿಸಿದ್ದು ಹಿರಿಯ ಕ್ಯಾಷಿಯರ್. ಕಂಪ್ಯೂಟರಿನ ಮೇಲೆ ಅವರಿಗೆ ಮೊದಲಿನಿಂದಲೂ ನಂಬಿಕೆ ಕಡಿಮೆ. ದಿನದ ಉದ್ರಿಯನ್ನು ಉದ್ದ ನೋಟು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನಾವು ಅದನ್ನು ನೋಡಿ ನಗುತ್ತಿದ್ದೆವು. ಆ ಪುಸ್ತಕ ಹಿಡಿದು ಅಂಗಡಿ ಅಂಗಡಿಗೆ ಹೋದೆವು. ಹೆಚ್ಚಿನವರು ಮರುಮಾತಿಲ್ಲದೆ ಕೊಟ್ಟರು. ಆದರೂ ಲೆಕ್ಕ ಸರಿಹೊಂದಿಸಲು ಎರಡು ತಿಂಗಳು ಹಿಡಿಯಿತು.

ಹಳೆಯದರಲ್ಲೇ ಇದ್ದರೆ?

ಇದನ್ನು ಕೇಳಿ 'ಬದಲಾಯಿಸುವ ತಂಟೆಯೇ ಬೇಡ' ಎನ್ನುವವರೂ ಇದ್ದಾರೆ. ಅದೂ ಸರಿಯಲ್ಲ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ವೈರಸ್ ಜಗತ್ತಿನಾದ್ಯಂತ ಹಬ್ಬಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ನಮ್ಮ ಕೇರಳದಲ್ಲೇ ವಯನಾಡಿನ ತರಿಯೋಡು ಪಂಚಾಯತ್ ಕಚೇರಿಯ ಕಂಪ್ಯೂಟರುಗಳು ಅದರ ಬಾಯಿಗೆ ಬಿದ್ದವು. ಆ ಕಂಡಿಯನ್ನು ಮುಚ್ಚುವ ದುರಸ್ತಿಯನ್ನು ಕಂಪನಿ ಎರಡು ತಿಂಗಳ ಮೊದಲೇ, ಮಾರ್ಚಿನಲ್ಲಿ, ಬಿಟ್ಟಿತ್ತು. ಬೆಂಬಲ ಮುಗಿದ ಸಿಸ್ಟಂಗೆ ಇಂಥ ದುರಸ್ತಿ ತಾನಾಗಿ ಬರುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಂಸ್ಥೆಗಳು ವರ್ಷದಿಂದ ವರ್ಷಕ್ಕೆ ಇಮ್ಮಡಿಸುವ ಶುಲ್ಕ ಕೊಟ್ಟು ಹೆಚ್ಚೆಂದರೆ 3 ವರ್ಷ ದುರಸ್ತಿ ಪಡೆಯಬಹುದು. ಅದು ತಾತ್ಕಾಲಿಕ ಏರ್ಪಾಡು ಮಾತ್ರ.

ಈ ಸಲ ಆಟಿಯಲ್ಲಿ

ಹಾಗಾಗಿ ಈ ಬಾರಿ ಗಡುವಿಗೆ ಕಾಯಲಿಲ್ಲ. 2025ರ ಆಟಿ ತಿಂಗಳಲ್ಲೇ ಕೆಲಸಕ್ಕೆ ಕೈಹಾಕಿದೆವು. ಮಲಯಾಳಿಗಳ ಕರ್ಕಾಟಕ, ನಮ್ಮ ಆಟಿ: ಮದುವೆ ಇಲ್ಲ, ಆರ್ಡರ್ ಕಡಿಮೆ. ಓಣಂ ಸದ್ಯದ ಗಡಿಬಿಡಿಗೆ ಇನ್ನೂ ಸಮಯವಿತ್ತು.

ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸ್ಥಳ, 'ಟಿಪಿಎಂ 2.0' ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಇರಬೇಕು. ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ಪ್ರೋಗ್ರಾಂ ನಿಮ್ಮ ಯಂತ್ರ ಅರ್ಹವೇ ಎಂದು ತಿಳಿಸುತ್ತದೆ. ನಮ್ಮ ಆಫೀಸಿನ ಕಂಪ್ಯೂಟರನ್ನು ಅದು ಮೊದಲು ತಿರಸ್ಕರಿಸಿತು. ಚಿಪ್ ಇತ್ತು, ಬಯೋಸ್‌ನಲ್ಲಿ ಆಫ್ ಆಗಿತ್ತಷ್ಟೆ! ಆನ್ ಮಾಡಿದ ಮೇಲೆ ಖರ್ಚಿಲ್ಲದೆ 11ಕ್ಕೆ ಏರಿತು.

ಕೌಂಟರಿನದು ಮಾತ್ರ ತೀರಾ ಹಳೆಯದು, 32 ಬಿಟ್‌ನದು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಹಳೆಯ ಡಾಸ್ ಪ್ರೋಗ್ರಾಂಗಳು 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದೂ ಇಲ್ಲ. ಆದ್ದರಿಂದ ಬಿಲ್ಲಿಂಗ್ ಪ್ರೋಗ್ರಾಮನ್ನೂ ಬದಲಾಯಿಸಿ, ಅದನ್ನು ಆಫೀಸಿನ ಯಂತ್ರದಲ್ಲಿ ಹಾಕಿ, ಆ ಯಂತ್ರವನ್ನೇ ಕೌಂಟರಿಗೆ ತಂದೆವು. ಹಳೆಯದರಲ್ಲಿ ಒಂದು ವಾರ ಬಿಲ್ಲು ಕೊಡುತ್ತಾ, ಅದೇ ಲೆಕ್ಕವನ್ನು ಹೊಸದರಲ್ಲಿ ಪ್ರಯೋಗಕ್ಕಾಗಿ ಹಾಕಿ ರಾತ್ರಿ ತಾಳೆ ನೋಡಿದೆವು. ಮೂರನೇ ದಿನ ಪಾರ್ಸೆಲ್ ಲೆಕ್ಕದಲ್ಲಿ ತಪ್ಪು ಸಿಕ್ಕಿತು. ಗಿರಾಕಿಗಳ ಮುಂದೆ ಸಿಕ್ಕಿದ್ದರೆ ಮಾನ ಹೋಗುತ್ತಿತ್ತು.

ನೆನಪಿಡಬೇಕಾದ ಅಂಶಗಳು

1. ಬಿಲ್ಲಿಂಗ್ ಪ್ರೋಗ್ರಾಂ ಲೆಕ್ಕವನ್ನು ಎಲ್ಲಿ ಇಡುತ್ತದೆ ಎಂದು ಅದನ್ನು ಮಾರಿದವರಿಂದಲೇ ಬರೆಸಿಕೊಳ್ಳಿ. ಎರಡು ಪ್ರತಿ ತೆಗೆದು, ಒಂದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ ಅಲ್ಲ.

2. ಟ್ಯಾಲಿ ಇದ್ದರೆ, ಫಾರ್ಮ್ಯಾಟ್ ಮಾಡುವ ಮೊದಲು ಲೈಸೆನ್ಸನ್ನು 'ಸರೆಂಡರ್' ಮಾಡಿ.

3. ಜಿಎಸ್‌ಟಿ ಕಾಯಿದೆಯಂತೆ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಒಂದು ಆರ್ಥಿಕ ವರ್ಷದಲ್ಲಿ ಒಂದೇ ಬಿಲ್ ನಂಬ್ರ ಎರಡು ಸಲ ಬರುವಂತಿಲ್ಲ. ಹೊಸ ಪ್ರೋಗ್ರಾಂ ಮತ್ತೆ 1ರಿಂದ ಶುರುವಾಗದಂತೆ ನೋಡಿಕೊಳ್ಳಿ.

4. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ದಪ್ಪ ಕೇಬಲಿಗೆ ಈಗಿನ ಹೆಚ್ಚಿನ ಕಂಪ್ಯೂಟರುಗಳಲ್ಲಿ ಜಾಗವಿಲ್ಲ. ಥರ್ಮಲ್ ಪ್ರಿಂಟರ್ ಕೊಂಡರೆ ಅದರ ಬಿಲ್ಲು ಕಾಲಕ್ರಮೇಣ ಮಾಸುತ್ತದೆ. ಕಾಗದವನ್ನೇ ನಂಬಬೇಡಿ.

5. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. 500 ಜನರ ಊಟದ ನಮ್ಮ ಸಾಮಾನು ಪಟ್ಟಿ ಹಾಗೆಯೇ ಆಯಿತು. ಬಾಣಸಿಗರು ಪಟ್ಟಿ ಹಿಡಿದುಕೊಂಡು 'ಇದು ಯಾವ ಭಾಷೆ ಮಾರಾಯ್ರೆ?' ಎಂದರು. ಹಳೆಯ ಯಂತ್ರ ಇರುವಾಗಲೇ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಅದಕ್ಕೆ ಆ ತಂತ್ರಾಂಶಗಳಲ್ಲೇ ಅನುಕೂಲವಿದೆ.

ಹಳೆಯ ಯಂತ್ರವನ್ನು ಎಸೆಯಬೇಡಿ

ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ ಮಕ್ಕಳು ಉಚಿತವಾದ ಲಿನಕ್ಸ್‌ನಲ್ಲಿ ಕಲಿಯುತ್ತಿದ್ದಾರೆ. ನಾವೂ ಕೌಂಟರಿನ ಹಳೆಯ ಯಂತ್ರದ ಹಾರ್ಡ್ ಡಿಸ್ಕನ್ನು ತೆಗೆದು ಜೋಪಾನ ಮಾಡಿದೆವು. ಅದರ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಕೂರಿಸಿದೆವು. ಈಗ ಅದು ಉಗ್ರಾಣದಲ್ಲಿ ಅಕ್ಕಿ, ಬೇಳೆ, ತೆಂಗಿನಕಾಯಿಯ ಲೆಕ್ಕವನ್ನು ಕನ್ನಡದಲ್ಲೇ ಇಡುತ್ತಿದೆ.

ಕ್ಯಾಷಿಯರ್ ಈಗ ನಿವೃತ್ತರಾಗಿ ಊರಿಗೆ ಹೋಗಿದ್ದಾರೆ. ಅವರ ಕೊನೆಯ ನೋಟು ಪುಸ್ತಕ ಗಲ್ಲಾದಲ್ಲೇ ಇದೆ. ರಾತ್ರಿ ಬ್ಯಾಕಪ್ ತೆಗೆದ ಮೇಲೆ ದಿನದ ಉದ್ರಿಯ ಮೊತ್ತವನ್ನು ಮಾತ್ರ ಅದರಲ್ಲಿ ಬರೆಯುತ್ತೇವೆ. ಈಗ ಯಾರೂ ನಗುವುದಿಲ್ಲ.